ಹತ್ತು ಯಂತ್ರ, ಒಂದು ಅಗಸಿ

ಭಾಲ್ಕಿಯಿಂದ ಔರಾದಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ಒಬ್ಬರ ಜೊತೆ ಜಗಳ ಮಾಡಿ, ಗೆದ್ದು ಕೂತಿದ್ದೆ. ಶ್ರಾವಣದ ಜಿಟಿಜಿಟಿ ಮಳೆ. ನಡುದಾರಿಯಲ್ಲಿ ಹತ್ತಿದ ಹೆಂಗಸೊಬ್ಬಳು ತೊಯ್ದ ಕಂಬಳಿ ಹೊದ್ದುಕೊಂಡೇ ಬಂದು ನನ್ನ ಪಕ್ಕ ಕೂತಳು. ಹಸಿ ಉಣ್ಣೆಯ ವಾಸನೆ ಬಸ್ಸಿನ ತುಂಬ ಹರಡಿತು. ಮುಂದಿನ ಸೀಟಿನವರು ಮೂಗಿಗೆ ಸೆರಗು ಹಿಡಿದರು. ನಾನು ಮಾತ್ರ ಇನ್ನಷ್ಟು ಸರಿದು ಅವಳ ಹತ್ತಿರ ಕೂತೆ. ಅವರಿಗದು ಕುರಿಯ ವಾಸನೆ, ನನಗೆ ಮಾತ್ರ ಕಂಪ್ಯೂಟರ್ ನೆಟ್‌ವರ್ಕಿನ ವಾಸನೆ. ಹೇಳಿದರೆ ಹುಚ್ಚಿ ಅಂದಾರು.

ಹಳೆಯ ದಿನಗಳನ್ನು ನೆನೆಯುವವರು ಸಾಮಾನ್ಯವಾಗಿ ಎಲ್ಲರೂ ಒಳ್ಳೆಯವರಿದ್ದರು, ಎಲ್ಲವೂ ಚೆನ್ನಾಗಿತ್ತು ಎಂದು ಶುರು ಮಾಡುತ್ತಾರೆ. ನನಗೆ ಆ ಚಾಳಿ ಇಲ್ಲ. ವರ್ಷಗಳ ಹಿಂದೆ ಔರಾದಿನಲ್ಲಿ ಕಳೆದ ಒಂದು ಮಳೆಗಾಲ ನಾನು ಸಿಕ್ಕಸಿಕ್ಕವರ ಜೊತೆ ಜಗಳವಾಡಿದೆ. ಒಂದು ಜಗಳ ಬಿಟ್ಟರೆ ಉಳಿದ ಯಾವುದಕ್ಕೂ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ನಾನು ಬೀದರಿನ ಮೈಲೂರಿನವಳು. ಆಗ ಒಂದು ತರಬೇತಿ ಸಂಸ್ಥೆಯಲ್ಲಿ ಕರಾರಿನ ಮೇಲೆ ಶಿಕ್ಷಕಿಯಾಗಿದ್ದೆ. ಜೂನಿನಲ್ಲಿ ನನ್ನನ್ನು ಔರಾದಿನ ಕೇಂದ್ರಕ್ಕೆ ಹಾಕಿದರು. ಹೆಂಗಸರಿಗಾಗಿ ಮೂರು ತಿಂಗಳ ಕೋರ್ಸು. ಒಂದು ಕಂಪ್ಯೂಟರ್ ಇನ್ನೊಂದರ ಜೊತೆ ಹೇಗೆ ಮಾತಾಡುತ್ತದೆ, ಮಾತು ನಿಂತರೆ ಎಲ್ಲಿ ನಿಂತಿದೆ ಎಂದು ಹೇಗೆ ಹುಡುಕಬೇಕು, ಇಷ್ಟು ಕಲಿಸಬೇಕು. ಹೊರಡುವ ಮೊದಲು ಸಂಸ್ಥೆಯ ಸಂಯೋಜಕ ದೇಶಮುಖ ಸಾಹೇಬರು ತಮ್ಮ ಕೋಣೆಗೆ ಕರೆದರು.

"ಔರಾದ ಮಂದಿ ತಲಿಗಿ ಇದೆಲ್ಲ ಹತ್ತಂಗಿಲ್ಲಮ್ಮ. ಹೋದ ಸಲ ಒಬ್ಬಾಕಿನೂ ಪಾಸ ಆಗಿಲ್ಲ. ಇದೊಂದು ಸಲ ನೋಡ್ತೇನಿ. ಅರ್ಧ ಮಂದಿ ಪಾಸ ಆಗ್ಲಿಲ್ಲಂದ್ರ ಆ ಹತ್ತೂ ಮಷೀನ ಬೀದರಕ ತರಸ್ತೇನಿ. ಇಲ್ಲಿ ಕಲಿಯೋರು ರಗಡ ಮಂದಿ ಅದಾರ."

"ತಲಿಗಿ ಹತ್ತಂಗಿಲ್ಲೋ, ಹತ್ತೂ ಹಂಗ ಯಾರೂ ಹೇಳಿಲ್ಲೋ, ಸಾಹೇಬ್ರ?" ಎಂದೆ.

"ಬಾಯಿ ಜೋರ ಅದ ನಿಂದು," ಎಂದು ಅವರು ಫೈಲು ಮುಚ್ಚಿದರು.

ಯಂತ್ರಗಳು ಬೀದರಿಗೆ ಬಂದರೆ ಏನಾದೀತು ಎಂದು ಊರ ಹೊರಗಿನವರು ಕೇಳಬಹುದು. ಔರಾದಿನ ಹಳ್ಳಿಗಳಿಂದ ಬೀದರಿಗೆ ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಒಲೆ, ಹೊಲ, ಕುರಿ ಮೂರನ್ನೂ ನೋಡಿಕೊಳ್ಳುವ ಹೆಂಗಸಿಗೆ ಬೀದರಿಗೆ ಬಂದು ಕಲಿಯಿರಿ ಎನ್ನುವುದೂ, ಕಲಿಯಬೇಡಿ ಎನ್ನುವುದೂ ಒಂದೇ. ಹಾಗಾಗಿ ಆ ಹತ್ತು ಯಂತ್ರ ಔರಾದಿನಲ್ಲೇ ಉಳಿಯಬೇಕು ಎಂದು ನಾನು ಮೊದಲ ದಿನವೇ ಹಟ ಹಿಡಿದೆ.

ಕೇಂದ್ರವೆಂದರೆ ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ. ಹತ್ತು ಕಂಪ್ಯೂಟರು, ಅವೆಲ್ಲದರ ತಂತಿಗಳು ಬಂದು ಸೇರುವ ಸ್ವಿಚ್ ಎಂಬ ಒಂದು ಡಬ್ಬಿ, ಮೂಲೆಯಲ್ಲಿ ನೀಲಿ ಕೇಬಲ್ಲಿನ ಸುರುಳಿ. ಕಲಿಯಲು ಬಂದವರು ಹನ್ನೊಂದು ಮಂದಿ. ಅವರಲ್ಲಿ ಎಲ್ಲರಿಗಿಂತ ದೊಡ್ಡವಳು ಶರಣಮ್ಮ. ಭಾಲ್ಕಿ ಕಡೆಯ ಸಾಯಗಾಂವದ ಮಗಳು, ಔರಾದಿನ ಹತ್ತಿರದ ಹಳ್ಳಿಯ ಸೊಸೆ. ಹತ್ತನೆಯ ತರಗತಿ ಮುಗಿಸಿ ಮದುವೆಯಾದವಳು, ನಲವತ್ತು ದಾಟಿದ ಮೇಲೆ ಮತ್ತೆ ಪೆನ್ನು ಹಿಡಿದಿದ್ದಳು. ಹಣೆಗೆ ವಿಭೂತಿ, ಹೆಗಲ ಮೇಲೆ ಕರಿ ಕಂಬಳಿ. ಬೆಳಿಗ್ಗೆ ಕುರಿ ಹೊರಡಿಸಿ ನೇರವಾಗಿ ಕ್ಲಾಸಿಗೆ ಬರುತ್ತಿದ್ದಳು. ಈ ವಯಸ್ಸಿನಲ್ಲಿ ಇದು ಯಾಕೆ ಬೇಕಾಯಿತು ಎಂದು ಕೇಳಿದೆ.

"ನಮ್ಮೂರ ಪಂಚಾಯತಿ ಕಂಪ್ಯೂಟರ ಬಂದ್ ಬಿದ್ರ ಬೀದರದಿಂದ ಮನಷ್ಯಾ ಬರಬೇಕ್ರಿ ಮೇಡಂ. ಅಂವ ಬರೂತನ ಊರಿಗಿ ಊರೇ ಕೈ ಕಟ್ಕೊಂಡು ಕುಂದರ್ತದ. ಬಂದಂವ ಒಂದು ವೈರ ಎಳದು ಚುಚ್ಚಿ ಹೋಗ್ತಾನ. ಆ ವೈರ ನಾ ಚುಚ್ಚಿದ್ರ ಹ್ಯಾಂಗ?"

ಸಂಸ್ಥೆ ಕೊಟ್ಟ ಪುಸ್ತಕ ಇಂಗ್ಲಿಷಿನದು. ನಾನು ಹೋದಾಗ ಹನ್ನೊಂದು ಮಂದಿಯೂ ತಲೆ ಬಗ್ಗಿಸಿ ಅದರ ವ್ಯಾಖ್ಯೆಗಳನ್ನು ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಅರ್ಥ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿದರು. ಪುಸ್ತಕಗಳನ್ನೆಲ್ಲ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಇದು ನಿಯಮಕ್ಕೆ ವಿರುದ್ಧ ಎಂದು ಗೊತ್ತಿತ್ತು, ಅದಕ್ಕೇ ಬೀಗದ ಕೈಯನ್ನು ಮೈಲೂರಿನ ಮನೆಯಲ್ಲಿಟ್ಟು ಬಂದೆ.

ಮರುವಾರದ ಶನಿವಾರ ಅವರನ್ನು ಬೀದರಿನ ಧಾನ್ಯದ ಮಾರುಕಟ್ಟೆ ಗಾಂಧಿ ಗಂಜ್‌ಗೆ ಕರೆದುಕೊಂಡು ಹೋದೆ. ಅಲ್ಲಿ ನಮ್ಮಪ್ಪ ಹಮಾಲ. ಚೀಲ ಹೊತ್ತೇ ನನ್ನನ್ನು ಓದಿಸಿದವನು. ಕಾಲೇಜಿನಲ್ಲಿದ್ದಾಗ ನಾನು ಇದನ್ನು ಯಾರಿಗೂ ಹೇಳಿರಲಿಲ್ಲ, 'ಅಪ್ಪನಿಗೆ ಗಂಜಿನಲ್ಲಿ ಕೆಲಸ' ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದೆ. ಆ ನಾಚಿಕೆಯನ್ನು ನೆನೆದರೆ ಈಗ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ಅಂದು ಹನ್ನೊಂದು ಮಂದಿಯ ಮುಂದೆ ಅವನನ್ನು ನಿಲ್ಲಿಸಿ, "ಇವರು ನಮ್ಮಪ್ಪ, ಇವತ್ತು ಇವರೇ ಮಾಸ್ತರು," ಎಂದೆ.

ಅಪ್ಪನಿಗೆ ಗಾಬರಿ. "ನಾ ಏನ್ ಕಲಸ್ಲಿಬೇ?" ಎಂದ.

"ಚೀಲ ಹ್ಯಾಂಗ ಮುಟ್ಟಸ್ತಿ, ಅದನ್ನ ಹೇಳು."

"ಅದ್ರಾಗೇನದ? ಲಾರಿ ತುಂಬ ಮಾಲ ಒಂದೇ ಸಲ ಹೊರಲಕ ಆಗ್ತದೇನು? ಒಂದೊಂದು ಚೀಲ ಒಯ್ತೇನಿ. ಮ್ಯಾಲ ಗುರ್ತ ಇರ್ತದ, ಯಾವ ಅಂಗಡಿದು, ಯಾವ ಅಂಗಡಿಗಿ, ಎಷ್ಟನೇದು. ಒಳಗ ತೊಗರಿ ಅದನೋ ಉದ್ದು ಅದನೋ ನನಗ್ಯಾಕ ಬೇಕು? ಗುರ್ತ ನೋಡ್ತೇನಿ, ಇಳಸ್ತೇನಿ. ಗುರ್ತ ಇಲ್ಲದ ಚೀಲ ನಾ ಮುಟ್ಟಂಗಿಲ್ಲ."

ನಾನು ಅಲ್ಲೇ ಚೀಲದ ರಾಶಿಯ ಪಕ್ಕ ನಿಂತು ಹೇಳಿದೆ. ಕಂಪ್ಯೂಟರು ಕಳಿಸುವ ಫೋಟೊ ಆಗಲಿ ಪತ್ರವಾಗಲಿ ಇಡಿಯಾಗಿ ಹೋಗುವುದಿಲ್ಲ, ಸಣ್ಣ ಸಣ್ಣ ತುಂಡಾಗಿ ಹೋಗುತ್ತದೆ. ಆ ತುಂಡಿಗೆ ಪ್ಯಾಕೆಟ್ ಎಂದು ಹೆಸರು. ಪ್ರತಿ ಪ್ಯಾಕೆಟ್ಟಿನ ಮೇಲೂ ಯಾರಿಂದ, ಯಾರಿಗೆ, ಎಷ್ಟನೆಯದು ಎಂದು ಬರೆದಿರುತ್ತದೆ. ಒಂದೊಂದು ಒಂದೊಂದು ದಾರಿ ಹಿಡಿದು ಹೋಗಬಹುದು, ಹಿಂದಿನದು ಮುಂದೆ ಬರಬಹುದು. ಆ ಕಡೆಯ ಕಂಪ್ಯೂಟರು ಅಂಕಿ ನೋಡಿ ಜೋಡಿಸಿಕೊಳ್ಳುತ್ತದೆ. ಏಳನೆಯದು ಬರದಿದ್ದರೆ ಏಳನೆಯದನ್ನಷ್ಟೇ ಮತ್ತೆ ಕೇಳುತ್ತದೆ. ನಮ್ಮ ಸ್ವಿಚ್ ಡಬ್ಬಿಯೂ ಹಮಾಲನೇ. ಯಾವ ತಂತಿಯ ತುದಿಗೆ ಯಾವ ಯಂತ್ರ ಇದೆ ಎಂದು ಒಮ್ಮೆ ನೋಡಿ ನೆನಪಿಟ್ಟುಕೊಂಡು, ಬಂದ ಪ್ಯಾಕೆಟ್ಟನ್ನು ಆ ಯಂತ್ರಕ್ಕೇ ಕೊಡುತ್ತದೆ.

ಈ ಸುದ್ದಿ ದೇಶಮುಖ ಸಾಹೇಬರಿಗೆ ಮುಟ್ಟಿತು. ಫೋನಿನಲ್ಲಿ, "ಪಿಕ್ನಿಕ್ ಮಾಡಸ್ಲತ್ತೀದಿ ಏನು? ಕಂಪ್ಯೂಟರ ಕಲಸು ಅಂದ್ರ ಹಮಾಲಿ ಕಲಸ್ತಿ," ಎಂದರು. "ಹಮಾಲನ ಮಗಳ್ರಿ, ಮತ್ತೇನ್ ಕಲಸ್ಲಿ?" ಎಂದೆ. ಜೀವಮಾನದಲ್ಲಿ ಆ ಮಾತನ್ನು ಎದೆ ಸೆಟೆಸಿ ಹೇಳಿದ್ದು ಅದೇ ಮೊದಲು.

ಜುಲೈಯಲ್ಲಿ ಯಂತ್ರಗಳಿಗೆ ವಿಳಾಸ ಕೊಡುವ ಪಾಠ ಬಂತು. ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರಕ್ಕೂ ಅಂಕಿಗಳ ಒಂದು ವಿಳಾಸ ಬೇಕು. ಹೇಗೆ ತುಂಬುವುದೆಂದು ಒಂದು ಯಂತ್ರದಲ್ಲಿ ತೋರಿಸಿ, ಉಳಿದವನ್ನು ನೀವೇ ತುಂಬಿ ಎಂದು ಹೇಳಿ ಚಹಾ ಕುಡಿಯಲು ಹೋದೆ. ಬಂದು ನೋಡಿದರೆ ಒಂದೂ ಯಂತ್ರ ಇನ್ನೊಂದರ ಜೊತೆ ಮಾತಾಡುತ್ತಿಲ್ಲ. ಪರದೆಯ ಮೇಲೆಲ್ಲ ಎಚ್ಚರಿಕೆಯ ಸೂಚನೆ. ಹತ್ತಕ್ಕೆ ಹತ್ತೂ ಯಂತ್ರಕ್ಕೆ ಒಂದೇ ವಿಳಾಸ ಕೊಟ್ಟಿದ್ದರು. ಮಾಡಿಸಿದವಳು ಶರಣಮ್ಮ.

"ಹಿಂಗ್ಯಾಕ ಮಾಡಿದಿ?" ಎಂದು ಚೀರಿದೆ.

ಅವಳು ಹೆದರಲಿಲ್ಲ. "ಎಲ್ಲಾ ಒಂದೇ ಮನ್ಯಾಗ ಅವಲ್ರಿ? ಒಂದು ಮನಿಗಿ ಹತ್ತು ನಂಬರ ಹ್ಯಾಂಗ ಕೊಡ್ತೀರಿ? ನಮ್ಮ ಮನ್ಯಾಗ ನಾಕ ಮಂದಿ ಅಣ್ಣತಮ್ಮರು, ನಾಕ ಒಲಿ, ಇಪ್ಪತ್ತೆರಡ ಮಂದಿ. ಬಾಗಿಲ ಮ್ಯಾಲ ಪಂಚಾಯತಿ ನಂಬರ ಒಂದೇ. ನಡುವಿನಂವ ಒಮ್ಮಿ ಬ್ಯಾರೆ ನಂಬರ ಬರಸ್ತೇನಿ ಅಂದ. ನಮ್ಮತ್ತಿ ಮೂರು ದಿನ ಉಣ್ಲಿಲ್ಲ. ನಂಬರ ಬ್ಯಾರೆ ಆತಂದ್ರ ಮನಿ ಒಡೀತು ಅಂತನೇ ಲೆಕ್ಕ."

ಉಳಿದ ಹತ್ತು ಮಂದಿಯೂ ಹೌದೆಂದು ತಲೆಯಾಡಿಸಿದರು. ಮನೆ ಒಡೆಯುವ ಪಾಪ ಯಾರಿಗೆ ಬೇಕು! ನನಗೆ ಮೊದಲು ನಗು ಬಂತು, ಆಮೇಲೆ ಯೋಚಿಸಿದರೆ ಅವಳ ಮಾತಿನಲ್ಲಿ ಮುಕ್ಕಾಲು ಪಾಲು ಸರಿಯೇ ಇತ್ತು. ಬೋರ್ಡಿನ ಮೇಲೆ ವಿಳಾಸ ಬರೆದು ತೋರಿಸಿದೆ. ನಮ್ಮ ಈ ಕೋಣೆಯ ವಿಳಾಸದಲ್ಲಿ ಮೊದಲ ಮೂರು ಅಂಕಿ ಮನೆಯವು, ಎಲ್ಲ ಯಂತ್ರಕ್ಕೂ ಒಂದೇ. ಕೊನೆಯ ಅಂಕಿ ಆಳಿನದು, ಒಬ್ಬೊಬ್ಬರಿಗೆ ಒಂದೊಂದು. ಅತ್ತೆ ಪಡಸಾಲೆಯಲ್ಲಿ ನಿಂತು ಕರೆದಾಗ ನಾಲ್ವರೂ ಸೊಸೆಯರು ಒಟ್ಟಿಗೆ ಓಡಿಬರಬಾರದಲ್ಲ, ಅದಕ್ಕೆ. ಹೊರಗಿನ ಲೋಕಕ್ಕೆ ಹೋಗುವಾಗ ಮಾತ್ರ ಎಲ್ಲರೂ ರೂಟರ್ ಎಂಬ ಇನ್ನೊಂದು ಡಬ್ಬಿಯ ಮೂಲಕವೇ ಹೋಗಬೇಕು. ಅದು ಊರ ಅಗಸಿ ಬಾಗಿಲು. ಒಳಗಿನವರು ಯಾರೇ ಹೊರಟರೂ ಅದು ತನ್ನ ಒಂದೇ ನಂಬರು ಹಚ್ಚಿ ಕಳಿಸುತ್ತದೆ, ಉತ್ತರ ಬಂದಾಗ ಕೇಳಿದವರು ಯಾರೆಂದು ನೆನಪಿಟ್ಟು ಅವರಿಗೇ ಕೊಡುತ್ತದೆ. ಹೊರಗಿನವರಿಗೆ ಕಾಣುವುದು ಒಂದೇ ಮನೆ, ಒಂದೇ ನಂಬರು.

"ಹಂಗಿದ್ರ ಮನಿ ಒಡದಂಗಲ್ಲ ಬಿಡ್ರಿ," ಎಂದು ಶರಣಮ್ಮ ಸಮಾಧಾನದಿಂದ ಕೂತು ಹತ್ತೂ ವಿಳಾಸ ತಿದ್ದಿದಳು.

ಅದೇ ತಿಂಗಳ ಒಂದು ಮಧ್ಯಾಹ್ನ ಮಳೆ ಹುಯ್ದು ತಗಡಿನ ಸಂದಿಯಿಂದ ನೀರು ಸ್ವಿಚ್ ಡಬ್ಬಿಯ ಕಡೆಗೇ ಇಳಿಯಿತು. ನಾನು ಓಡಿಹೋಗಿ ಪ್ಲಗ್ ಕೀಳುವಷ್ಟರಲ್ಲಿ ಶರಣಮ್ಮ ತನ್ನ ಕಂಬಳಿ ತೆಗೆದು ಡಬ್ಬಿಯ ಮೇಲೆ ಹೊದಿಸಿದ್ದಳು. ಡಬ್ಬಿ ಇನ್ನೂ ಬಿಸಿಯಿತ್ತು, ಕಂಬಳಿ ಹಸಿಯಿತ್ತು. ಆ ವಾಸನೆ ಮೂರು ದಿನ ಕೋಣೆಯಿಂದ ಹೋಗಲಿಲ್ಲ. ಮಾಡು ಸರಿಮಾಡಿಸಿ ಎಂದು ಬೀದರಿಗೆ ನಾಲ್ಕು ಪತ್ರ ಬರೆದೆ, ಉತ್ತರ ಬರಲಿಲ್ಲ. ಹೆಂಗಸರೇ ಮಾಡು ಹತ್ತಿ ಪ್ಲಾಸ್ಟಿಕ್ ಹಾಳೆ ಬಿಗಿದು ಕಲ್ಲು ಹೇರಿದರು.

ಪಶ್ಚಾತ್ತಾಪ ಪಡುವ ಜಗಳ ಆಗಸ್ಟಿನದು. ಪರೀಕ್ಷೆಗೆ ಮೂರು ವಾರ ಇತ್ತು. ಒಂದು ಸೋಮವಾರ ಕ್ಲಾಸಿಗೆ ಯಾರೂ ಬರಲಿಲ್ಲ. ಮಂಗಳವಾರವೂ ಇಲ್ಲ. ಸಿಟ್ಟಿನಿಂದ ಶರಣಮ್ಮನ ಹಳ್ಳಿಗೆ ಹೋದೆ. ಅವಳು ಹೊಲದಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದಳು. ಬದುವಿನ ಮೇಲೆ ನಿಂತೇ, ನಿಮಗೆ ಕಲಿಯುವ ಯೋಗ್ಯತೆ ಇಲ್ಲ, ದೇಶಮುಖ ಸಾಹೇಬರು ಹೇಳಿದ್ದೇ ಖರೆ ಎಂದು ಬಾಯಿಗೆ ಬಂದಂತೆ ಬೈದೆ. ಅವಳು ಕೈ ನಿಲ್ಲಿಸದೆ ಹೇಳಿದಳು:

"ಮ್ಯಾಲ ಮೋಡ ನೋಡ್ರಿ. ಹೆಸರ ಮಳಿಗಿ ಸಿಕ್ರ ಕಾಯ್ದಾಗೇ ಮೊಳಕಿ ಒಡೀತದ. ನಿಮ್ಮ ಮಷೀನಕ ಮೊಳಕಿ ಬರಂಗಿಲ್ಲ. ಬಾಯಿ ಮಾಡೂದ ಬಿಟ್ಟು ಕೆಳಗ ಇಳೀರಿ, ಉಡಿ ಕಟ್ರಿ."

ನಾಚಿಕೆಯಾಯಿತು. ಇಳಿದೆ. ಐದು ದಿನ ಒಬ್ಬೊಬ್ಬರ ಹೊಲದಲ್ಲಿ ಕಾಯಿ ಬಿಡಿಸುತ್ತ ಬಾಯಲ್ಲೇ ಪಾಠ ಹೇಳಿದೆ. ನೆಟ್‌ವರ್ಕ್ ನಿಂತರೆ ದೋಷ ಹುಡುಕುವ ಕ್ರಮದ ಪಾಠ ಅದು. ಸಾಲಿನಲ್ಲಿ ಬಗ್ಗಿಕೊಂಡೇ ಶರಣಮ್ಮ ಅದನ್ನು ತನ್ನ ರೀತಿಗೆ ತಿರುಗಿಸಿದಳು.

"ಒಂದು ಕುರಿ ಕಮ್ಮಿ ಬಂದ್ರ ನಾವೇನ್ ಅಡವಿಗಿ ಓಡ್ತೇವೇನ್ರಿ? ಮೊದಲು ನಮ್ಮ ಹಟ್ಟಿ ಎಣಸ್ತೇವಿ. ಆಮ್ಯಾಲ ಬಾಜೂ ಹಟ್ಟಿ. ಆಮ್ಯಾಲ ಅಗಸಿ. ಎಲ್ಲಾ ಆದ ಮ್ಯಾಲ ಅಡವಿ."

ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಿದ್ದನ್ನು ನಾನು ಕಂಡಿಲ್ಲ. ಒಂದು ಯಂತ್ರ ಇನ್ನೊಂದನ್ನು 'ಇದ್ದೀಯಾ?' ಎಂದು ಕರೆದು ನೋಡುವುದಕ್ಕೆ ಪಿಂಗ್ ಎನ್ನುತ್ತಾರೆ. ಮೊದಲು ತನ್ನನ್ನೇ ಕರೆಯಬೇಕು. ಆಮೇಲೆ ಪಕ್ಕದ ಯಂತ್ರ. ಆಮೇಲೆ ಅಗಸಿ, ಅಂದರೆ ರೂಟರು. ಕೊನೆಗೆ ಹೊರಗಿನ ಯಾವುದಾದರೂ ಯಂತ್ರ. ಎಲ್ಲಿ ಉತ್ತರ ನಿಲ್ಲುತ್ತದೋ ಅದರ ಆಸುಪಾಸಿನಲ್ಲೇ ದೋಷ ಇರುತ್ತದೆ.

ಪರೀಕ್ಷೆ ಭಾಲ್ಕಿಯಲ್ಲಿ ನಡೆಯಿತು. ಪರೀಕ್ಷಕರು ದಕ್ಷಿಣದ ಕಡೆಯಿಂದ ಬಂದ ಯುವಕ. ಶಿಕ್ಷಕರಿಗೆ ಒಳಗೆ ಪ್ರವೇಶವಿಲ್ಲ ಎಂದು ನನ್ನನ್ನು ಹೊರಗೆ ನಿಲ್ಲಿಸಿದರು. ನಾನು ಕಿಟಕಿಗೆ ಹೋಗಿ ನಿಂತೆ. ಮೊದಲು ಕೂತವಳು ಶರಣಮ್ಮ.

"ಗೇಟ್‌ವೇ ಅಂದರೆ ಏನು? ಡೆಫಿನಿಷನ್ ಹೇಳಿ," ಎಂದರು ಪರೀಕ್ಷಕರು.

"ಅಗಸಿರಿ."

"ಏನು?"

"ಊರ ಅಗಸಿರಿ. ಒಳಗಿಂದು ಹೊರಗ ಹೋಗೂದು, ಹೊರಗಿಂದು ಒಳಗ ಬರೂದು, ಎಲ್ಲಾ ಅಲ್ಲಿಂದೇ."

ಪರೀಕ್ಷಕರು ನಕ್ಕು ಹಾಳೆಯ ಮೇಲೆ ಸೊನ್ನೆ ಬರೆದರು. "ಪುಸ್ತಕದಲ್ಲಿ ಇರೋ ಹಾಗೆ ಹೇಳಬೇಕಮ್ಮ," ಎಂದರು. ಪುಸ್ತಕಕ್ಕೆ ಬೀಗ ಹಾಕಿದವಳು ನಾನು. ಹಟಕ್ಕೆ ಬಿದ್ದು ಈ ಹೆಂಗಸರನ್ನು ಮುಳುಗಿಸಿದೆ ಅನ್ನಿಸಿತು.

ಶರಣಮ್ಮ ಕುರ್ಚಿಯಿಂದ ಏಳಲಿಲ್ಲ. "ಸೊನ್ನಿ ಬರದ್ರಿ, ಬರೀರಿ. ಆದ್ರ ಒಂದು ಮಾತ. ನೀವು ಈ ಮಷೀನ ಏನರೆ ಮಾಡಿ ಕೆಡಸ್ರಿ. ನಾ ಹೊರಗ ಹೋಗಿ ನಿಂದರ್ತೇನಿ. ಬಂದು ಹುಡುಕ್ತೇನಿ. ಸಿಗ್ಲಿಲ್ಲಂದ್ರ ಇನ್ನೊಂದು ಸೊನ್ನಿ ಬರೀರಿ. ಸಿಕ್ರ ಇದನ್ನ ಹೊಡದ ಹಾಕ್ರಿ."

ಪರೀಕ್ಷಕರಿಗೂ ವಯಸ್ಸಿನ ಹುರುಪು. ಆಗಲಿ ಎಂದರು. ಅವಳು ಹೊರಗೆ ಬಂದು ನನ್ನ ಪಕ್ಕವೇ ನಿಂತಳು, ನನ್ನ ಕಡೆ ನೋಡಲಿಲ್ಲ. ಕರೆದಾಗ ಒಳಗೆ ಹೋಗಿ ಮೊದಲು ತನ್ನ ಯಂತ್ರವನ್ನೇ ಕರೆದಳು, ಉತ್ತರ ಬಂತು. ಪಕ್ಕದ ಯಂತ್ರವನ್ನು ಕರೆದಳು, ಬಂತು. ಗೋಡೆಯ ಚೀಟಿಯಲ್ಲಿದ್ದ ರೂಟರಿನ ವಿಳಾಸ ನೋಡಿ ಅದನ್ನೂ ಕರೆದಳು, ಬಂತು. ಹೊರಗಿನದನ್ನು ಕರೆದಳು, ಬರಲಿಲ್ಲ. ಆಮೇಲೆ ವಿಳಾಸ ತುಂಬುವ ಪುಟ ತೆರೆದು ಬೆರಳಿಟ್ಟಳು.

"ಅಗಸಿ ಇದ್ದಲ್ಲೇ ಅದ್ರಿ. ಆದ್ರ ಈ ಮಷೀನಕ ಅಗಸಿ ಎಲ್ಲದ ಅಂತ ತಪ್ಪ ಹೇಳೀರಿ. ಕೊನೀ ಅಂಕಿ ಒಂದು ಇರೂ ಕಡಿ ಹತ್ತು ಬರದೀರಿ. ಪಾಪ, ಇಲ್ಲದ ಬಾಗಿಲಾ ಬಡೀಲತ್ತದ."

ಪರೀಕ್ಷಕರು ಎದ್ದು ನಿಂತರು. ಸೊನ್ನೆಯನ್ನು ಹೊಡೆದು ಹಾಕಿದರು. ಉಳಿದ ಹತ್ತು ಮಂದಿಗೂ ಬಾಯಿಪ್ರಶ್ನೆ ಬಿಟ್ಟು ಯಂತ್ರ ಕೆಡಿಸಿಯೇ ಕೇಳಿದರು. ಒಳ್ಳೆಯ ಮನುಷ್ಯ, ಅವರ ಬಗ್ಗೆ ನನ್ನ ತಕರಾರಿಲ್ಲ. ಮೂವರಿಗೆ ದೋಷ ಸಿಗಲಿಲ್ಲ. ಎಂಟು ಮಂದಿ ಪಾಸಾದರು.

ನಾವು ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಭಜಿ ತಿಂದು, ಕೂಗಾಡಿ ಮನೆಗೆ ಹೋದೆವು. ಎರಡು ದಿನ ಬಿಟ್ಟು ಕೇಂದ್ರದ ಮುಂದೆ ಒಂದು ಟೆಂಪೊ ಬಂದು ನಿಂತಿತು. ಡ್ರೈವರ್ ಚೀಟಿ ಕೊಟ್ಟ. ಹತ್ತೂ ಯಂತ್ರ, ಸ್ವಿಚ್, ರೂಟರ್ ಬೀದರಿಗೆ ಕಳಿಸತಕ್ಕದ್ದು, ಕೆಳಗೆ ದೇಶಮುಖ ಸಾಹೇಬರ ಸಹಿ. ತಾರೀಖು ನೋಡಿದೆ. ಪರೀಕ್ಷೆಗಿಂತ ನಾಲ್ಕು ದಿನ ಹಿಂದಿನದು. ನಾವು ಪಾಸಾದರೂ ಅಷ್ಟೇ, ಬಿಟ್ಟರೂ ಅಷ್ಟೇ ಎಂದು ಅವರು ಮೊದಲೇ ನಿಶ್ಚಯಿಸಿದ್ದರು. ನನಗೆ ಕಣ್ಣು ಕತ್ತಲೆಯಾಗುವಷ್ಟು ಸಿಟ್ಟು ಬಂತು. ಫೋನ್ ಮಾಡಿದೆ.

"ನೀ ಸಹಿ ಮಾಡಿ ಕಳಸು. ಉಳದಿದ್ದು ಆಮ್ಯಾಲ ಮಾತಾಡೋಣ," ಎಂದರು ಅವರು.

"ಎಂಟು ಮಂದಿ ಪಾಸ ಆಗ್ಯಾರ ಸಾಹೇಬ್ರ."

"ನಿನ್ನ ಕರಾರ ಈ ತಿಂಗಳಿಗಿ ಮುಗೀತದ, ನೆನಪ ಅದನೋ ಇಲ್ಲೋ?"

ನೆನಪಿತ್ತು. ಕೊಡುವವರ ಸಹಿ ಎಂದು ಗೆರೆ ಎಳೆದ ಜಾಗದಲ್ಲಿ ದೊಡ್ಡದಾಗಿ 'ಕೊಡುವುದಿಲ್ಲ' ಎಂದು ಬರೆದು, ಪಕ್ಕದಲ್ಲಿ ಚೀಟಿಯ ತಾರೀಖನ್ನೂ ಪರೀಕ್ಷೆಯ ತಾರೀಖನ್ನೂ ಬರೆದು, ಕೆಳಗೆ ಹೆಸರು ಹಾಕಿದೆ. ಶರಣಮ್ಮ ಪೆನ್ನು ಕಸಿದುಕೊಂಡು ತನ್ನ ಹೆಸರು ಬರೆದಳು. ಹನ್ನೊಂದೂ ಮಂದಿ ಬರೆದರು, ನಪಾಸಾದ ಮೂವರೂ ಸೇರಿ. ಆಮೇಲೆ ಎಲ್ಲರೂ ಬಾಗಿಲಿಗೆ ಅಡ್ಡ ಕೂತು ಎಲೆ ಅಡಿಕೆ ಹಾಕಿಕೊಂಡರು. ಡ್ರೈವರ್ ಅವರನ್ನೊಮ್ಮೆ, ಚೀಟಿಯನ್ನೊಮ್ಮೆ ನೋಡಿ, "ನಂದೇನ್ ಹೋಗ್ತದ, ಖಾಲಿ ಗಾಡಿ ಹಗುರ ಓಡ್ತದ," ಎಂದು ಗಾಡಿ ತಿರುಗಿಸಿದ.

ಆ ಚೀಟಿ ಬೀದರಿನಲ್ಲಿ ದೇಶಮುಖ ಸಾಹೇಬರ ಮೇಲಿನವರ ಕೈಗೆ ಹೋಯಿತು. ಎರಡು ತಾರೀಖುಗಳನ್ನು ಅಕ್ಕಪಕ್ಕ ನೋಡಿದ ಮೇಲೆ ಕಚೇರಿಯಲ್ಲಿ ಯಾರೂ ಯಂತ್ರಗಳ ವಿಷಯ ಎತ್ತಲಿಲ್ಲ. ನನ್ನ ಕರಾರಿನ ವಿಷಯವನ್ನೂ ಎತ್ತಲಿಲ್ಲ, ಅದು ತಿಂಗಳ ಕೊನೆಗೆ ತಾನಾಗಿ ಮುಗಿಯಿತು. ಹೊಸ ಶಿಕ್ಷಕಿ ಬರುವವರೆಗೆ ಪಾಸಾದವರಲ್ಲಿ ಒಬ್ಬರು ಕಲಿಸಲಿ ಎಂದು ಕಾಗದ ಬಂತು.

ನನ್ನ ಕೊನೆಯ ದಿನ ಹೊಸ ತಂಡದ ಮೊದಲ ದಿನವೂ ಆಗಿತ್ತು. ಹದಿನಾಲ್ಕು ಹೆಂಗಸರು. ನಾನು ಹಿಂದೆ ನಿಂತಿದ್ದೆ. ಶರಣಮ್ಮ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮೇಡಂ, ಸಿಟ್ಟ ಆಗಬ್ಯಾಡ್ರಿ. ನೀವು ಹೊರಗ ಹೋಗ್ರಿ. ನೀವು ಇಲ್ಲಿದ್ರ ನಾ ನಿಮ್ಮ ಮಾರಿನೇ ನೋಡ್ತೇನಿ."

ಹೊರಗೆ ಬಂದು ಗೋಡೆಗೆ ಒರಗಿ ನಿಂತೆ. ದುಃಖವಾಯಿತೋ ಹೆಮ್ಮೆಯಾಯಿತೋ ಹೇಳಲಾರೆ, ಅತ್ತದ್ದು ನಿಜ. ಒಳಗೆ ಅವಳ ಧ್ವನಿ ಮೆಲ್ಲಗೆ ಶುರುವಾಗಿ ಜೋರಾಯಿತು. ಸ್ವಲ್ಪ ಹೊತ್ತಿಗೆ ಹೊಸಬಳೊಬ್ಬಳು, ತಂತಿಯೇ ಇಲ್ಲದ ಮೊಬೈಲು ಈ ಕೋಣೆಯ ಯಂತ್ರದ ಜೊತೆ ಹೇಗೆ ಮಾತಾಡುತ್ತದೆ ಎಂದು ಕೇಳಿದಳು. ಅದನ್ನು ನಾನು ಶರಣಮ್ಮನಿಗೆ ಕಲಿಸಿರಲಿಲ್ಲ. ಕಿಟಕಿಯಲ್ಲಿ ತಲೆ ಹಾಕಿ ಉತ್ತರ ಹೇಳಬೇಕೆಂದು ನಾಲಿಗೆ ತುರಿಸಿತು, ಹಲ್ಲು ಕಚ್ಚಿ ನಿಂತೆ.

"ನನಗ ಗೊತ್ತಿಲ್ಲ," ಎಂದಳು ಶರಣಮ್ಮ ಒಳಗಿನಿಂದ. "ನಿನ್ನ ಮೊಬೈಲ ತಗೊಂಡ ಬಾ. ಇಬ್ಬರೂ ಕೂಡಿ ಬಿಚ್ಚಿ ನೋಡೂಣು."